ಪರದೆಯ ಹಿಂದೆ ಕೂತ ಅಕ್ಕ

ಬರೋಡಾದ ಮೇ ತಿಂಗಳಲ್ಲಿ ಕಿಟಕಿಯ ಸರಳು ಮುಟ್ಟಿದರೆ ಬೆರಳು ಸುಡುತ್ತಿತ್ತು. ಅಂಥ ದಿನಗಳಲ್ಲೂ ನಮ್ಮ ಜಲಜಕ್ಕನ ಅಂಗೈ ಮಣ್ಣಿನ ಹೂಜಿಯ ಹಾಗೆ ತಣ್ಣಗಿರುತ್ತಿತ್ತು. ನನಗೆ ಜ್ವರ ಬಂದರೆ ಅಮ್ಮ ಒದ್ದೆ ಬಟ್ಟೆ ಹುಡುಕುತ್ತಿರಲಿಲ್ಲ. “ಜಲಜಾ, ಮಾಣಿಯ ಹಣೆ ಮೇಲೆ ಕೈಯಿಡು” ಎನ್ನುತ್ತಿದ್ದಳು. ನನ್ನ ಕೈ ಅದಕ್ಕೆ ತದ್ವಿರುದ್ಧ. ಚಳಿಗಾಲದಲ್ಲೂ ಬೆವರುತ್ತಿತ್ತು. ಸ್ಲೇಟು ಹಿಡಿದರೆ ಬರೆದದ್ದು ಅಳಿಸಿಹೋಗುತ್ತಿತ್ತು. ಬೇಗ ಶಾಲೆ ಬಿಟ್ಟದ್ದಕ್ಕೆ ನಾನು ಹೇಳುತ್ತಿದ್ದ ನೆಪಗಳಲ್ಲಿ ಅದೂ ಒಂದು.

ಅಪ್ಪಯ್ಯ ಉಡುಪಿಯ ಕಡೆಯಿಂದ ಹೋಟೆಲಿನ ಅಡಿಗೆಗೆಂದು ಬರೋಡಾಕ್ಕೆ ಬಂದವರು. ಹೊಗೆ ಕುಡಿದು ಉಬ್ಬಸ ಹತ್ತಿದ ಮೇಲೆ ಒಲೆ ಬಿಟ್ಟು, ರಾವ್‌ಪುರಾದಲ್ಲಿ ವಾಚು ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕ ಪಾರ್ಸಿಯ ಪಕ್ಕ ಕೂತು ಕೆಲಸ ಕಲಿತರು. ಆ ಮುದುಕನಿಗೆ ಮಕ್ಕಳಿರಲಿಲ್ಲ. ಅವನ ನಂತರ ಅಂಗಡಿಯೂ ಹತ್ಯಾರುಗಳೂ ನಮ್ಮವಾದವು. ಮುಂದೆ ಒಂದು ಬಾಗಿಲಿನ ಅಂಗಡಿ, ನಡುವೆ ಒಂದು ಪರದೆ, ಹಿಂದೆ ನಮ್ಮ ಮನೆ.

ಕೆಲಸ ಯಾರಿಗೆ ಕಲಿಸುವುದೆಂದು ಅಪ್ಪಯ್ಯ ಒಂದು ಪರೀಕ್ಷೆ ಮಾಡಿದರು. ಮುರಿದ ಸ್ಪ್ರಿಂಗಿನ ಎರಡು ತುಂಡುಗಳನ್ನು ನನಗೂ ಅಕ್ಕನಿಗೂ ಬೆರಳಲ್ಲಿ ಹಿಡಿಸಿ, ಬೇರೆ ಬೇರೆ ಕಾಗದದಲ್ಲಿ ಮಡಚಿಟ್ಟರು. ಕೆಲವು ದಿನ ಬಿಟ್ಟು ಬಿಚ್ಚಿದಾಗ ನನ್ನ ತುಂಡಿನ ಮೇಲೆ ನನ್ನ ಬೆರಳಿನ ಆಕಾರದಲ್ಲೇ ತುಕ್ಕು ಮೂಡಿತ್ತು. ಅಕ್ಕನದು ಹೊಸದರ ಹಾಗೆ ನೀಲಿಯಾಗಿ ಹೊಳೆಯುತ್ತಿತ್ತು. “ನೀನು ಗಲ್ಲೆಯಲ್ಲಿ ಕೂರು” ಎಂದರು ಅಪ್ಪಯ್ಯ. ಅಷ್ಟೇ. ಅವರು ಹೋದ ಮೇಲೂ ಹಾಗೆಯೇ ನಡೆಯಿತು. ನಾನು ಮುಂದೆ, ಅಕ್ಕ ಪರದೆಯ ಹಿಂದೆ. ಬಿಚ್ಚುವುದು, ಒರೆಸುವುದು, ಮತ್ತೆ ಜೋಡಿಸುವುದು ನನಗೂ ಬರುತ್ತಿತ್ತು. ಸ್ಪ್ರಿಂಗು ಮಾತ್ರ ಅವಳದೇ.

ಆ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ವಾಚಿನೊಳಗೆ ಹಲ್ಲಿರುವ ಒಂದು ಪುಟ್ಟ ಹಿತ್ತಾಳೆ ಡಬ್ಬಿ ಇರುತ್ತದೆ. ಕೀಲಿ ಕೊಟ್ಟಾಗ ಬಿಗಿಯುವ ಸ್ಪ್ರಿಂಗು ಸುರುಳಿಯಾಗಿ ಕೂರುವುದು ಅದರಲ್ಲಿ. ಬಿಚ್ಚಿದರೆ ಮೊಳಕ್ಕೆ ತುಸು ಕಡಿಮೆ ಬರುವ ಉಕ್ಕಿನ ಪಟ್ಟಿ. ಆಗಿನ ಕಾಲದವು ಮುರಿಯುತ್ತಿದ್ದದ್ದೂ ಹೆಚ್ಚು. ಹೊಸದನ್ನು ಕೂರಿಸಲು ವೈಂಡರ್ ಬೇಕು. ಅದಕ್ಕೊಂದು ಹಿಡಿ, ನಡುವೆ ಕೊಕ್ಕೆಯಿರುವ ಕಡ್ಡಿ, ತುದಿಯಲ್ಲಿ ಒಂದು ಬಟ್ಟಲು. ಸ್ಪ್ರಿಂಗನ್ನು ಕೊಕ್ಕೆಗೆ ಸಿಕ್ಕಿಸಿ ಬಟ್ಟಲೊಳಗೆ ಸುತ್ತಿ, ಆ ಬಟ್ಟಲನ್ನು ಡಬ್ಬಿಯ ಬಾಯಿಗೆ ಇಳಿಸಿ, ಹಿಂದಿನಿಂದ ಒತ್ತಿದರೆ ಸ್ಪ್ರಿಂಗು ತನ್ನ ಜಾಗ ಸೇರುತ್ತದೆ. ಕೇಳಲು ಇಷ್ಟೇ. ಕಷ್ಟವಿರುವುದು ಯಾವ ವೈಂಡರ್ ಎತ್ತಿಕೊಳ್ಳಬೇಕೆಂಬುದರಲ್ಲಿ.

ಪಾರ್ಸಿ ಮುದುಕನ ಪೆಟ್ಟಿಗೆಯಲ್ಲಿ ಅವು ಸಾಲಾಗಿ, ಒಂದಕ್ಕಿಂತ ಒಂದು ಚೂರು ದೊಡ್ಡದಾಗಿ ಮಲಗಿದ್ದವು. ಹಿಡಿಯ ಮೇಲಿನ ನಂಬರು ಎಂದೋ ಸವೆದುಹೋಗಿತ್ತು. ಅಕ್ಕ ಅವಕ್ಕೆ ಅಡಿಗೆಮನೆಯ ಹೆಸರು ಕೊಟ್ಟಿದ್ದಳು. ಹೆಂಗಸರ ವಾಚಿನದು ಕೊತ್ತಂಬರಿ, ಅದರ ಮೇಲಿನದು ಕಡಲೆ, ಆಮೇಲೆ ಹುಣಸೆಬೀಜ, ಜೇಬಿನ ದೊಡ್ಡ ಗಡಿಯಾರದ್ದು ಚಕ್ಕುಲಿ. ನಾನು ಅವುಗಳ ಮುಂದೆ ಕೈ ಚಾಚಿ ಯೋಚಿಸುತ್ತ ನಿಂತರೆ ಅವಳಿಗೆ ನಗು. “ಹೆಣ್ಣು ನೋಡ್ಲಿಕ್ಕೆ ಬಂದವರ ಹಾಗೆ ಚಂದ ನೋಡ್ಬೇಡ, ಅಳತೆ ನೋಡು” ಎನ್ನುತ್ತಿದ್ದಳು. ಅಳತೆ ಹೇಗೆ ನೋಡುವುದೆಂದೂ ಎಷ್ಟೋ ಸಲ ಹೇಳಿಕೊಟ್ಟಳು. “ಡಬ್ಬಿಗಿಂತ ಒಂದು ಕೂದಲು ಸಣ್ಣದು ತಕ್ಕೋ. ಸಮಸಮ ಇದ್ರೆ ಒಳಗೆ ಇಳಿಯುದಿಲ್ಲ. ತೀರಾ ಸಣ್ಣದಾದ್ರೆ ಸ್ಪ್ರಿಂಗಿನ ಬೆನ್ನು ಮುರೀತದೆ.” ಆ ಒಂದು ಕೂದಲು ನನ್ನ ಕಣ್ಣಿಗೆ ಎಂದೂ ಕಾಣಲಿಲ್ಲ. ಅವಳು ತೆರೆದ ಡಬ್ಬಿಯನ್ನು ಒಮ್ಮೆ ನೋಡಿ, ಪೆಟ್ಟಿಗೆಯ ಕಡೆ ನೋಡದೆಯೇ ಕೈ ಹಾಕಿ ಸರಿಯಾದದ್ದನ್ನು ತೆಗೆಯುತ್ತಿದ್ದಳು.

ಒಮ್ಮೆ ನಮ್ಮ ಬೀದಿಯ ವಕೀಲರೊಬ್ಬರು ತಮ್ಮ ವಾಚನ್ನು ಬೇರೆ ಕಡೆ ರಿಪೇರಿ ಮಾಡಿಸಿ, ಮಧ್ಯಾಹ್ನಕ್ಕೆ ನಿಂತುಹೋಗುತ್ತದೆಂದು ನಮ್ಮಲ್ಲಿಗೆ ತಂದರು. ಅಕ್ಕ ಡಬ್ಬಿಯ ಮುಚ್ಚಳ ತೆಗೆದು ನನ್ನನ್ನು ಕರೆದು ತೋರಿಸಿದಳು. ಸ್ಪ್ರಿಂಗು ಚಪ್ಪಟೆಯಾಗಿ ಕೂರುವ ಬದಲು ನಡುವೆ ಗೋಪುರದ ಹಾಗೆ ಎದ್ದು ಮುಚ್ಚಳಕ್ಕೆ ಉಜ್ಜುತ್ತಿತ್ತು. ವೈಂಡರ್ ಹುಡುಕುವ ತಾಳ್ಮೆಯಿಲ್ಲದೆ ಯಾರೋ ಹೆಬ್ಬೆರಳಲ್ಲಿ ಒತ್ತಿ ತುರುಕಿದ್ದರು. “ಕೈಯಲ್ಲಿ ತುರುಕಿದ್ದು ಎರಡು ದಿನ ಓಡ್ತದೆ. ಆಮೇಲೆ ತುರುಕಿದವನ ಬುದ್ಧಿ ತೋರಿಸ್ತದೆ” ಎಂದು ಅದನ್ನು ಬಿಸಾಡಿ ಬೇರೆ ಹಾಕಿದಳು. ವಕೀಲರು ಮರುವಾರ ಬಂದು ನನ್ನ ಬೆನ್ನು ತಟ್ಟಿ, ರಾವ್‌ಪುರಾದಲ್ಲಿ ಸ್ಪ್ರಿಂಗು ಹಾಕಿದರೆ ಈ ಮದ್ರಾಸಿಭಾಯ್‌ನೇ ಹಾಕಬೇಕು ಎಂದು ದಾರಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು. ಕನ್ನಡ, ತಮಿಳು ಎಂಬ ಭೇದ ಅಲ್ಲಿಯವರಿಗಿರಲಿಲ್ಲ; ನಾವೆಲ್ಲ ಮದ್ರಾಸಿಗಳೇ. ನಾನು ತಲೆಬಾಗಿ ನಕ್ಕೆ. ಪರದೆಯ ಹಿಂದೆ ಅಕ್ಕನೂ ನಕ್ಕಳು, ಅದು ನನಗೆ ಕೇಳಿಸಿತು. ಮೊದಮೊದಲು ಅದು ನಮ್ಮಿಬ್ಬರ ತಮಾಷೆಯಾಗಿತ್ತು. ಹೊಗಳಿಕೆ ದಿನಾ ಬರತೊಡಗಿದ ಮೇಲೆ ಅದು ನನ್ನದೇ ಎಂದು ನನಗನ್ನಿಸತೊಡಗಿತು.

ಹೀಗಿರುವಾಗ ಸೂರತ್‌ನಿಂದ ಸಂಬಂಧ ಬಂತು. ಚೌಕ್ ಬಜಾರಿನ ಹತ್ತಿರ ಹೋಟೆಲು ಇಟ್ಟುಕೊಂಡಿದ್ದ ನಮ್ಮ ಕಡೆಯದೇ ಕುಟುಂಬ. ಮಾತು ತಂದ ಅಡಿಗೆಭಟ್ಟರು ಅಮ್ಮನಿಗೆ ಎಚ್ಚರ ಹೇಳಿ ಹೋಗಿದ್ದರು: ಹುಡುಗಿ ಅಂಗಡಿ ಕೆಲಸ ಮಾಡುತ್ತಾಳೆಂದು ಬಾಯಿಬಿಡಬೇಡಿ, ಊರವರ ವಾಚು ಮುಟ್ಟುವವಳನ್ನು ಯಾರು ಒಪ್ಪುತ್ತಾರೆ. ಅಮ್ಮ ಹೆದರಿದಳು. ನಾನೂ ಹೂಂ ಎಂದೆ. ನನ್ನ ಹೆದರಿಕೆ ಬೇರೆಯಾಗಿತ್ತು. ಸಂಬಂಧ ತಪ್ಪೀತು ಎಂಬುದಕ್ಕಿಂತ, ಸ್ಪ್ರಿಂಗಿನ ಕೈ ನನ್ನದಲ್ಲವೆಂದು ಗೊತ್ತಾದೀತು ಎಂಬುದೇ ನನಗೆ ದೊಡ್ಡದಾಗಿತ್ತು. ಅಕ್ಕನನ್ನು ಯಾರೂ ಕೇಳಲಿಲ್ಲ.

ಹುಡುಗನ ತಂದೆ ರಾಯರು ಮಗನ ಜೊತೆ ಬಂದರು. ಮಾತಿನ ಮನುಷ್ಯ. ಅಂಗಡಿಯಲ್ಲೇ ಕುರ್ಚಿ ಎಳೆದು ಕೂತು ಕೈಯ ವಾಚು ಬಿಚ್ಚಿ ನನ್ನ ಮುಂದಿಟ್ಟರು. ಕೀಲಿ ತಿರುಗಿಸಿದರೆ ಹಿಡಿತವೇ ಇರಲಿಲ್ಲ, ಸ್ಪ್ರಿಂಗು ಮುರಿದಿತ್ತು. “ನಿನ್ನ ಹೆಸರು ಸ್ಟೇಷನ್ನಿನಿಂದಲೇ ಕೇಳ್ತಾ ಬಂದೆ ಮಾರಾಯ. ರೈಲಿಗೆ ಹೊತ್ತುಂಟು. ನಮ್ಮ ಎದುರೇ ಹಾಕು, ಕಣ್ತುಂಬ ನೋಡ್ತೇವೆ” ಎಂದರು. ಪರೀಕ್ಷೆ ಮಾಡುವ ಉದ್ದೇಶ ಅವರಿಗಿರಲಿಲ್ಲ. ಇದ್ದದ್ದು ಬರೀ ಕುತೂಹಲ.

ಬಿಚ್ಚುವವರೆಗೆ ನನಗೆ ತೊಂದರೆಯಾಗಲಿಲ್ಲ. ಡಬ್ಬಿ ತೆರೆದೆ, ಮುರಿದದ್ದನ್ನು ಚಿಮಟದಲ್ಲಿ ತೆಗೆದೆ, ಅದರ ಅಗಲಕ್ಕೆ ಸರಿಹೊಂದುವ ಹೊಸದನ್ನು ಎತ್ತಿಟ್ಟೆ. ಆಮೇಲೆ ವೈಂಡರುಗಳ ಪೆಟ್ಟಿಗೆ ತೆರೆದೆ, ಅಲ್ಲಿ ನಿಂತುಹೋದೆ. ಪಕ್ಕಪಕ್ಕದ ಎರಡು ನನ್ನ ಕಣ್ಣಿಗೆ ಒಂದೇ ಆಗಿ ಕಾಣುತ್ತಿದ್ದವು. ರಾಯರು ಮುಂದೆ ಬಾಗಿದರು. ಅಂಗೈಯಿಂದ ಬೆವರು ಮೇಜಿನ ಮೇಲೆ ಇಳಿಯಿತು. ನಾನು ದೊಡ್ಡದರ ಮೇಲೆ ಬೆರಳಿಟ್ಟೆ.

ಆಗ ಪರದೆ ಸರಿಸಿ ಅಕ್ಕ ರವೆಯ ಶಿರಾ ಬಡಿಸಿದ ತಟ್ಟೆಗಳನ್ನು ಹಿಡಿದು ಬಂದಳು. ಹೊಸ ಸೀರೆ, ತಗ್ಗಿಸಿದ ತಲೆ. ಹುಡುಗನ ಕಡೆ ನೋಡಲಿಲ್ಲ. ತಟ್ಟೆಗೆ ಜಾಗ ಮಾಡುವವಳ ಹಾಗೆ ಪೆಟ್ಟಿಗೆಯನ್ನು ಒಂದಿಷ್ಟು ಸರಿಸಿದಳು. ಸರಿಸಿದ ರಭಸಕ್ಕೆ ಎಂಬಂತೆ ಚಿಕ್ಕದು ತನ್ನ ಗೂಡಿನಿಂದ ಉರುಳಿ ನನ್ನ ಕೈಗೆ ತಾಗಿತು. ಹೆಗಲ ಮೇಲಿದ್ದ ಒಣ ಬಟ್ಟೆಯನ್ನು ನನ್ನ ಮುಂದಿಟ್ಟು, “ಕೈ ಒರೆಸ್ಕೋ ಮಾಣಿ, ತುಪ್ಪ ಉಂಟು” ಎಂದಳು. ನಾನಿನ್ನೂ ಶಿರಾ ಮುಟ್ಟಿರಲಿಲ್ಲ.

ಬಟ್ಟೆಯ ತುದಿಯಿಂದಲೇ ಸ್ಪ್ರಿಂಗು ಹಿಡಿದು ಸುತ್ತಿದೆ, ಇಳಿಸಿದೆ, ಒತ್ತಿದೆ. ಸರಿಯಾಗಿ ಕೂತಿತು. ವಾಚು ಟಿಕ್‌ಟಿಕ್ ಎನ್ನುವುದನ್ನು ರಾಯರು ಕಿವಿಗಿಟ್ಟು ಕೇಳಿ, “ಕೈ ಅಂದ್ರೆ ಇದು” ಎಂದು ಮಗನಿಗೆ ತೋರಿಸಿದರು. ಸಂಬಂಧ ಅಂದೇ ಗಟ್ಟಿಯಾಯಿತು. ಅವಳು ಸುಮ್ಮನಿದ್ದಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ, ನಿಜ ಅಲ್ಲೇ ಹೊರಬೀಳುತ್ತಿತ್ತು. ಅವಳು ಸುಮ್ಮನಿರಲಿಲ್ಲ.

ಅವರು ಹೊರಟ ಮೇಲೆ ಅಕ್ಕ ವೈಂಡರುಗಳನ್ನು ಒಂದೊಂದಾಗಿ ಒರೆಸುತ್ತ ನನಗೊಂದು ಮಾತು ಹೇಳಿದಳು. ನನ್ನ ಹತ್ತಿರ ಅವಳು ಏನಾದರೂ ಕೇಳಿದ್ದು ಅದೊಂದೇ ಸಲ.

“ಮದುವೆ ಆದ್ಮೇಲೆ ಅವರಿಗೆ ನೀನೇ ಹೇಳು. ನಾನು ಹೇಳಿದ್ರೆ ಜಂಬ ಅಂತಾರೆ, ನಂಬುದೂ ಇಲ್ಲ. ನೀನು ಹೇಳಿದ್ರೆ ನಂಬ್ತಾರೆ. ಕೆಲಸ ಬಿಟ್ಟು ಕೂರ್ಲಿಕ್ಕೆ ನಂಗೆ ಆಗುದಿಲ್ಲ ಮಾಣಿ.”

ಹೇಳುತ್ತೇನೆ ಎಂದೆ. ಹೇಳುವ ಮನಸ್ಸೂ ಆಗ ಇತ್ತು.

ಮದುವೆಯ ಊಟದ ಪಂಕ್ತಿಯಲ್ಲಿ ರಾಯರು ನೆಂಟರಿಗೆಲ್ಲ ನನ್ನನ್ನು ತೋರಿಸಿ ವಾಚಿನ ಕಥೆ ಹೇಳಿದರು. ಅಷ್ಟು ಜನರ ನಡುವೆ ಹೇಗೆ ಹೇಳುವುದೆಂದು ಸುಮ್ಮನಾದೆ. ದೀಪಾವಳಿಗೆ ಸೂರತ್‌ಗೆ ಹೋದಾಗ ರಾಯರ ಆರೋಗ್ಯ ಸರಿಯಿರಲಿಲ್ಲ, ಈಗ ಬೇಡ ಎಂದುಕೊಂಡೆ. ಅಕ್ಕ ನೆನಪಿಸಲಿಲ್ಲ. ನೆನಪಿಸಿದ್ದರೆ ಜಗಳ ಆಡಿಯಾದರೂ ನಾನು ತಪ್ಪಿಸಿಕೊಳ್ಳುತ್ತಿದ್ದೆ. ನಾನು ಹೊರಡುವಾಗ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ಹೆಚ್ಚಿಗೆ ನಿಲ್ಲುತ್ತಿದ್ದಳು, ಅಷ್ಟೇ.

ಇತ್ತ ಅವಳಿಲ್ಲದ ಅಂಗಡಿ ಒಂದು ಮಳೆಗಾಲವನ್ನೂ ದಾಟಲಿಲ್ಲ. ನಾನು ಹಾಕಿದ ಸ್ಪ್ರಿಂಗುಗಳು ನನ್ನ ಬೆರಳಿನ ತುಕ್ಕು ಹೊತ್ತುಕೊಂಡು ವಾಪಸು ಬಂದವು. ಮದ್ರಾಸಿಭಾಯ್‌ಗೆ ಏನಾಯಿತು ಎಂದು ಜನ ಕೇಳಿದರು. ಕಣ್ಣು ಮಂಜಾಗಿದೆ ಎಂದೆ. ಅದೂ ಸುಳ್ಳು. ಕೊನೆಗೆ ಅಂಗಡಿ ಕೊಟ್ಟು, ಅಮ್ಮನನ್ನು ಕರೆದುಕೊಂಡು ಅಹಮದಾಬಾದ್‌ಗೆ ಹೋಗಿ, ನವರಂಗಪುರದ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂತೆ.

ಅಕ್ಕನನ್ನು ಕೊನೆಯ ಸಲ ನೋಡಿದ್ದು ಸೂರತ್‌ನ ಅವಳ ಮನೆಯಲ್ಲಿ. ಕೆಳಗೆ ಹೋಟೆಲು, ಮೇಲೆ ಮನೆ. ಅವಳು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಎರಡೇ ಬೆರಳು, ಚಿಮಟದ ಹಾಗೆ, ಒಂದು ಅಕ್ಕಿಯೂ ಜೊತೆಗೆ ಬರದಂತೆ. ಭಾವ ಒಳ್ಳೆಯವರು, ಮಾತು ಕಡಿಮೆ. ನಿಂತುಹೋದ ತಮ್ಮ ವಾಚನ್ನು ತಂದು ನನ್ನ ಕೈಗಿಟ್ಟು, ಸೂರತ್‌ನಲ್ಲಿ ಯಾರ ಮೇಲೂ ನಂಬಿಕೆಯಿಲ್ಲ, ನೀನು ಬರಲಿ ಎಂದೇ ಇಟ್ಟಿದ್ದೆ ಎಂದರು.

ಅಕ್ಕನ ಬೆರಳು ನಿಂತಿತು. ತಲೆ ಎತ್ತಿ ನನ್ನನ್ನೇ ನೋಡಿದಳು. ಇದಕ್ಕಿಂತ ಸುಲಭವಾದ ಹೊತ್ತು ಬರಲು ಸಾಧ್ಯವಿರಲಿಲ್ಲ. ಇವಳ ಕೈಗೆ ಕೊಡಿ ಭಾವ ಎಂದರೆ ಸಾಕಿತ್ತು. ನಾನು ವಾಚನ್ನು ತಿರುವಿ ನೋಡಿ, “ನಾನೀಗ ಆ ಕೆಲಸ ಬಿಟ್ಟಿದ್ದೇನೆ ಭಾವ” ಎಂದು ಹಿಂದಕ್ಕೆ ಕೊಟ್ಟೆ.

ಸ್ಟೇಷನ್ನಿಗೆ ಹೊರಟಾಗ ಅಕ್ಕ ಕೆಳಗಿನ ಮೆಟ್ಟಿಲವರೆಗೆ ಬಂದಳು. ಅವಳಲ್ಲಿ ಸಿಟ್ಟು ಕಾಣಲಿಲ್ಲ. ಚಿಕ್ಕಂದಿನಲ್ಲಿ ಪೆಟ್ಟಿಗೆಯ ಮುಂದೆ ನಾನು ತಡವರಿಸಿದಾಗ ನಗುತ್ತಿದ್ದ ಹಾಗೆಯೇ ನಕ್ಕು, “ಬಿಟ್ಟದ್ದು ನೀನಾ ಮಾಣಿ?” ಎಂದಳು. ನಾನು ಟಾಂಗಾ ಹತ್ತಿದೆ.

ಅದೇ ಮಳೆಗಾಲದಲ್ಲಿ ಅವಳಿಗೆ ವಿಷಮಜ್ವರ ಬಂತು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದು ನೆಂಟರು ಹೋದ ಮೇಲೆ ಭಾವನೂ ನಾನೂ ಎದುರುಬದುರು ಕೂತಿದ್ದೆವು. ಆಗ ಹೇಳಿದೆ. ರಾಯರ ವಾಚು, ಉರುಳಿದ ವೈಂಡರ್, ಬಟ್ಟೆ, ರಾವ್‌ಪುರಾದ ಅಷ್ಟೂ ವರ್ಷ. ಭಾವ ಬಯ್ಯುತ್ತಾರೆಂದು ಕಾದೆ. ಅವರು ಬಯ್ಯಲಿಲ್ಲ.

“ಮದುವೆ ಆದ ಹೊಸತರಲ್ಲಿ ಒಮ್ಮೆ ಕೇಳಿದ್ದೆ” ಎಂದರು. “ಇಡೀ ದಿನ ಅಡಿಗೆಮನೆಯಲ್ಲೇ ಇರ್ತಿ, ನಿಂಗೆ ಬೇರೆ ಎಂತ ಮಾಡ್ಲಿಕ್ಕೆ ಇಷ್ಟ ಅಂತ. ತಮ್ಮ ಬಂದಾಗ ಹೇಳ್ತಾನೆ ಅಂದ್ಳು. ನೀನು ಬಂದಾಗೆಲ್ಲ ನಾನು ಕಾಯ್ತಿದ್ದೆ ಮಾರಾಯ. ನೀನು ಎಂತದೂ ಹೇಳ್ಲಿಲ್ಲ. ಅಂಥಾದ್ದೇನೂ ಇರ್ಲಿಕ್ಕಿಲ್ಲ ಅಂತ ಸುಮ್ಮನಾದೆ.”

ಕೆಳಗೆ ಹೋಟೆಲಿನಿಂದ ಯಾರೋ ಅವರನ್ನು ಕರೆದರು. ಭಾವ ಎದ್ದು ಮೆಟ್ಟಿಲಿಳಿದು ಹೋದರು.