ಮೂರನೆಯ ಮೆಟ್ಟಿಲಲ್ಲಿ ತಡೆದದ್ದು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಂದು ಬಂದವನ ಕೈಯಲ್ಲಿ ಕೊಡೆ ಇತ್ತೆಂದು ಹಳೆಯ ದಿನಚರಿಯಲ್ಲಿ ಬರೆದಿದ್ದೇನೆ. ಈಗ ಕಣ್ಣಿಗೆ ಬರುವುದು ಬಟ್ಟೆಯ ಗಂಟು. ಮೆಟ್ಟಿಲ ಮೇಲಿನ ಮಾತುಗಳನ್ನು ಮಾತ್ರ ಮರೆತಿಲ್ಲ, ಅಥವಾ ಹಾಗೆಂದು ನಂಬಿಕೊಂಡಿದ್ದೇನೆ.

ಮೂವತ್ತರ ದಶಕದ ನಡುವಿನ ವರ್ಷಗಳು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಯಲ್ಲಾಪುರದ ತವರಿಗೆ ಹೋದಳು. ಶಾಲೆಗಾಗಿ ನಾನು ಶಿರಸಿಯಲ್ಲಿ, ಅಪ್ಪನ ತಂಗಿಯ ಮನೆಯಲ್ಲಿ ಉಳಿದೆ. ಐದು ಬಾಡಿಗೆ ಮನೆಗಳ ಚಾಳು; ಎಲ್ಲಕ್ಕೂ ಒಂದೇ ಉದ್ದನೆಯ ಜಗಲಿ. ಅಲ್ಲಿಂದ ಎರಡು ಸಲ ತಾಮ್ರದ ಕೊಡ ಕಳುವಾದ ಮೇಲೆ ಬಾಡಿಗೆದಾರರು ಸೇರಿ ಕಟ್ಟಳೆ ಮಾಡಿದ್ದರು. ಗುರುತಿಲ್ಲದವರು ಬಂದರೆ ಯಾರ ಮನೆಗೆಂದು ಕೇಳುವ ಹಕ್ಕು ಎಲ್ಲರಿಗೂ ಇದೆ, ಮಕ್ಕಳಿಗೂ. ಬೈಯಬಾರದು, ಕೈ ಮಾಡಬಾರದು. ಆ ಮನೆಯವರನ್ನು ಕೂಗಬೇಕು. ಒಳಗಿನಿಂದ ‘ನಮ್ಮವರು’ ಎಂದರೆ ದಾರಿ ಬಿಡಬೇಕು; ಅಲ್ಲವೆಂದರೆ ಬಂದವರು ಇಳಿದು ಹೋಗಬೇಕು. ಹನ್ನೊಂದು ವರ್ಷದ ನನಗೆ ಅಷ್ಟು ದೊಡ್ಡ ಅಧಿಕಾರವನ್ನು ಬೇರೆ ಯಾರೂ ಕೊಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಅವನು ಮೂರನೆಯ ಮೆಟ್ಟಿಲಿಗೆ ಬಂದಾಗ ಅಡ್ಡ ನಿಂತೆ.

“ಯಾರ ಮನೆಗೆ?”

“ಅಬ್ಬಾ! ನಿನ್ನ ಫೌಜದಾರ ಮಾಡಿದವು ಯಾರೇ, ಕೂಸೇ?” ಅವನು ನಕ್ಕ. “ಮೂಲೆ ಮನೆಗೆ.”

ಮೂಲೆ ಮನೆ ನಮ್ಮದೇ. “ಹೆಸರು ಹೇಳದ್ದೆ ಬಿಡ್ತ್ನಿಲ್ಲೆ.”

“ಹೆಸರೆಂತಕ್ಕೆ? ಧ್ವನಿ ಕೇಳಿದ್ರೇ ಗೊತ್ತಾಗ್ತು.” ತಾನು ಬಂದೆನೆಂದು ಬಾಗಿಲಿನತ್ತ ಕೂಗಿದ: “ಆನು ಬಂಜಿ!”

ನಾನೂ ಕೂಗಿದೆ: “ಅತ್ತೆ, ಯಾರೋ ಬಂಜ ನೋಡು!”

ಒಳಗೆ ಅತ್ತೆ ಕೂಸನ್ನು ತೂಗುತ್ತಿದ್ದಳು. ತೊಟ್ಟಿಲ ಹಗ್ಗದ ಸದ್ದು ನಿಂತಿತು. ಆಮೇಲೆ ಅವಳ ಮಾತು: “ಎಂಗಕ್ಕೆ ಗುರ್ತಿದ್ದವು ಅಲ್ಲ. ಹೋಪಲೆ ಹೇಳು.”

ಪಕ್ಕದ ಮನೆಯಿಂದ ಹಾವೇರಿ ಕಡೆಯ ಮಾಸ್ತರರ ಹೆಂಡತಿ ಹೊರಬಂದರು. “ಇಳೀರಿ ಯಪ್ಪಾ. ಮನಿಯವ್ರ ಅಲ್ಲ ಅಂದಮ್ಯಾಲೆ ನಿಂದ್ರಬಾರ್ದು.”

ಅವನ ನಗು ಹೋಯಿತು. ಮೆಟ್ಟಿಲಿಳಿದು ಹೋದ. ಸಂಜೆಯವರೆಗೂ ನಾನು ಬೀಗುತ್ತ ಓಡಾಡಿದೆ.

ಎರಡು ವಾರಕ್ಕೆ ಅಮ್ಮನ ಕಾಗದ ಬಂತು. ಜ್ವರ ಈಗ ಇಳಿದಿದೆ, ಮಲಗಿದ್ದಾಗ ನಿನ್ನನ್ನು ಕರೆಸಿಕೊಳ್ಳೋಣವೆಂದು ಸೋದರಮಾವನನ್ನು ಕಳಿಸಿದ್ದೆ, ಒಂದು ಹುಡುಗಿ ಮೆಟ್ಟಿಲಲ್ಲೇ ತಡೆದು ಕಳಿಸಿದಳಂತೆ, ಅವಳ ಕಣ್ಣು ನನ್ನವೇ ಅಂತೆ. ಚೆನ್ನಾಗಿ ಓದು. ಅಷ್ಟೇ. ಆಮೇಲೆ ಅವಳು ನನ್ನನ್ನು ಕರೆಸಲಿಲ್ಲ.

ಸೋದರಮಾವ ಮುಂಬಯಿಯಲ್ಲಿದ್ದವನು, ನಾನು ಅವನನ್ನು ಬುದ್ಧಿ ಬಂದಮೇಲೆ ಕಂಡಿರಲಿಲ್ಲ. ಅತ್ತೆಗೆ ಹಾಗಲ್ಲ. ಓದುವಾಗ ಎರಡು ವರ್ಷ ಅವಳ ಕೈಯಲ್ಲೇ ಉಂಡವನು ಅವನು. ಆಗ ಅವಳಿಗೆ ಹೆರಿಗೆಯಾಗಿ ತಿಂಗಳು, ನೀರು ಸೇದಲು ಮನೆಯಲ್ಲಿದ್ದವಳು ನಾನೊಬ್ಬಳೇ. ಇದನ್ನು ಆಮೇಲೆ ನಾನೇ ಜೋಡಿಸಿಕೊಂಡೆನೋ ಏನೋ. ತೊಟ್ಟಿಲು ನಿಂತದ್ದನ್ನು ಮಾತ್ರ ಜೋಡಿಸಿಕೊಂಡದ್ದಲ್ಲ.

ಧಾರವಾಡದ ಕಾಲೇಜಿನಿಂದ ರಜೆಗೆ ಬಂದಾಗ, ಅವಳು ಅದೇ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಕೂತು ಕೇಳಿದೆ. ಅವಳು ತಲೆ ಎತ್ತದೆ ಮೊರವನ್ನು ಬೆಳಕಿಗೆ ತಿರುಗಿಸಿಕೊಂಡಳು.

“ಅತ್ತೆ, ಅಂದು ಅವನ ಧ್ವನಿ ನಿಂಗೆ ಗೊತ್ತಾಗಿತ್ತಾ?”