ತಂಗಿಯ ಕಿವಿಗೆ ತಡವಾಗಿ ಬಂದ ದನಿ

ನನ್ನ ಬಾಯಿಗಿಂತ ಕೈ ಮುಂದು. ಮಂಡ್ಯದ ನಮ್ಮ ಮನೆಯಲ್ಲಿ ಪಾಠ ಎಂದರೆ ಏಟು. ಅಪ್ಪ ಮಗ್ಗಿ ಕಲಿಸಿದ್ದು ಮರದ ಅಡಿಕೋಲಿನಿಂದ. ತಪ್ಪಿದರೆ ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು. ಚೆನ್ನೈಗೆ ಬಂದು ಪೆರುಂಗುಡಿಯಲ್ಲಿ ಕೆಲಸ ಹಿಡಿದ ಮೇಲೆ ನಾನೂ ಒಂದು ಅಡಿಕೋಲು ಇಟ್ಟುಕೊಂಡೆ, ನನ್ನ ಜೊತೆಗಿದ್ದ ತಂಗಿಗಾಗಿ.

ತಮಿಳು ಧಾರಾವಾಹಿಗಳಿಗೆ ಕನ್ನಡದ ದನಿ ಕೂಡಿಸುವ ಸ್ಟುಡಿಯೋ ಒಂದರಲ್ಲಿ ಅವಳು ಎರಡು ವರ್ಷದಿಂದ ಗುಂಪಿನೊಳಗೆ 'ಅಯ್ಯೋ', 'ಹೌದಾ' ಎಂದು ಕೂಗುತ್ತಿದ್ದಳು. ಈಗ ಮೊದಲ ಸಲ ದೊಡ್ಡ ಪಾತ್ರವೊಂದು ಸಿಗುವುದಿತ್ತು. ಗುರುವಾರ ಪರೀಕ್ಷೆ. ಕಿವಿಗೆ ತಮಿಳು ಬಿದ್ದೊಡನೆ ಬಾಯಿಂದ ಕನ್ನಡ ಹೊರಡಬೇಕು, ಪರದೆಯ ತುಟಿಗೆ ಕೂಡಬೇಕು. ಅಷ್ಟೇ ಕೆಲಸ, ಆದರೆ ಕಷ್ಟದ ಕೆಲಸ.

ಅಭ್ಯಾಸಕ್ಕೆ ನನ್ನ ಫೋನು, ನನ್ನ ಹೊಸ ವೈರ್‌ಲೆಸ್ ಹೆಡ್‌ಫೋನು ಕೊಟ್ಟೆ. ಅವಳು ಅದನ್ನು ಹಾಕಿಕೊಂಡು ಮಾತಾಡುವಳು, ನಾನು ಪಕ್ಕದಲ್ಲಿ ಕೂತು ಪರದೆ ನೋಡುವೆನು. ತುಟಿ ಮುಚ್ಚಿದ ಮೇಲೆ ಇವಳ ಕೊನೆಯ ಮಾತು ಬರುತ್ತಿತ್ತು. ಅಡಿಕೋಲು ಬೀಸಿದೆ. ಮತ್ತೆ ತಡ, ಮತ್ತೆ ಏಟು. ಮೂರನೆಯ ದಿನಕ್ಕೆ ಅವಳ ಗೆಣ್ಣುಗಳು ಊದಿ ನೀಲಿಗಟ್ಟಿದ್ದವು.

"ಅಕ್ಕಾ, ನಂಗೆ ಕೇಳಿಸ್ತಿರೋದೇ ಲೇಟು ಕಣೆ. ಸ್ಟುಡಿಯೋದಲ್ಲಿ ಹಿಂಗಾಗಲ್ಲ."

"ಕುಣಿಯೋಕೆ ಬಾರ್ದೋಳು ನೆಲ ಡೊಂಕು ಅಂದ್ಲಂತೆ. ಮತ್ತೆ ಶುರು ಮಾಡು."

ಅವಳು ಹೆಡ್‌ಫೋನು ಕಿತ್ತು ನನ್ನ ಮಡಿಲಿಗೆ ಎಸೆದಳು. "ನೀನೇ ಹಾಕ್ಕೊಂಡು ನೋಡು. ಪೋಡೀ!"

'ಹೋಗೇ' ಎನ್ನಲು ಚೆನ್ನೈ ಬೀದಿ ಕಲಿಸಿದ ಮಾತು, ಅದೂ ಅಕ್ಕನಿಗೆ. ಹೊಡೆದೆ. ಅಂಗೈ ಪೂರ್ತಿ ಅವಳ ಎಡಗಿವಿಯ ಮೇಲೆ ಬಿತ್ತು. ತಲೆ ಗೋಡೆಗೆ ಬಡಿದು ಅವಳು ಅಲ್ಲೇ ಕುಸಿದಳು. ನನಗೆ ಆಗಲೂ ಕನಿಕರ ಬರಲಿಲ್ಲ. ಅವಳ ಸುಳ್ಳು ಹಿಡಿಯಬೇಕೆಂದೇ ಹೆಡ್‌ಫೋನು ಏರಿಸಿಕೊಂಡೆ.

ಪರದೆಯ ಹೆಂಗಸು ಬಾಯಿ ತೆರೆದಳು. ಮಾತು ಆಮೇಲೆ ಬಂತು.

ಫೋನಿನ ಸೆಟ್ಟಿಂಗ್ಸ್ ತೆರೆದೆ. ಫೋನು ದನಿಯನ್ನು ಒತ್ತಿ ಕಟ್ಟಿ ಕಳಿಸುತ್ತದೆ, ಹೆಡ್‌ಫೋನು ಬಿಚ್ಚುತ್ತದೆ. ಆ ಕಟ್ಟುವ ಬಿಚ್ಚುವ ಕ್ರಮವೇ ಕೋಡೆಕ್. ಎರಡಕ್ಕೂ ಒಂದೇ ಕ್ರಮ ಗೊತ್ತಿರಬೇಕು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದ ವೇಗದ ಕೋಡೆಕ್ ನನ್ನ ಫೋನಿಗೆ ಬರುತ್ತಲೇ ಇರಲಿಲ್ಲ. ಹಾಗಾಗಿ ಎರಡೂ ತಮಗೆ ಗೊತ್ತಿದ್ದ ಎಸ್‌ಬಿಸಿ ಎಂಬ ಹಳೆಯ, ನಿಧಾನದ ಕೋಡೆಕ್‌ನಲ್ಲಿ ಕುಂಟುತ್ತಿದ್ದವು. ನೆಲವೇ ಡೊಂಕಾಗಿತ್ತು. ಆಪೀಸಿನಲ್ಲಿ ನನ್ನ ಕೆಲಸವೇ ಇದು: ಯಾವ ಆಪ್ ಯಾವ ಫೋನಿಗೆ ಹೊಂದುವುದಿಲ್ಲ ಎಂದು ಪರೀಕ್ಷಿಸುವುದು. ಮನೆಯಲ್ಲಿ ತಂಗಿಯೊಬ್ಬಳನ್ನೇ ಪರೀಕ್ಷಿಸಿದೆ.

ಅಡುಗೆಮನೆಯಿಂದ ಕುಟ್ಟಾಣಿ ತಂದು ಹೆಡ್‌ಫೋನನ್ನು ನೆಲಕ್ಕೆ ಹಾಕಿ ಜಜ್ಜಿದೆ. ಪ್ಲಾಸ್ಟಿಕ್ ಚೂರು ಸಿಡಿದು ನನ್ನ ಹುಬ್ಬಿಗೇ ಹೊಡೆದು ರಕ್ತ ಬಂತು. ಆದರೂ ಜಜ್ಜಿದೆ.

ತಂಗಿ ಕಿವಿ ಹಿಡಿದುಕೊಂಡೇ ಕೇಳಿದಳು: "ಅದೇನು ಮಾಡ್ತು ನಿಂಗೆ?"

ಮರುದಿನ ಎಗ್ಮೋರಿನ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ತಮಟೆ ಹರಿದಿದೆ ಎಂದರು. "ಎಪ್ಪಡಿಮ್ಮಾ ಆಚ್ಚು?" ಹೇಗಾಯಿತೆಂದು ಕೇಳುತ್ತ ನನ್ನ ಹುಬ್ಬಿನ ಪಟ್ಟಿಯನ್ನೂ ನೋಡಿದರು. ಬಾಗಿಲು ಬಡಿಯಿತು ಎಂದು ತಂಗಿ ತಮಿಳಿನಲ್ಲಿ ಹೇಳಿದಳು. ನಾನೂ ಹೌದೆಂದು ತಲೆಯಾಡಿಸಿದೆ. ಹೇಡಿ ನಾನು.

ಗುರುವಾರ ಅವಳು ಸ್ಟುಡಿಯೋಗೆ ಹೋದಳು. ಅಲ್ಲಿಯ ಹೆಡ್‌ಫೋನಿಗೆ ವೈರು ಇತ್ತು, ಮಾತಿಗೆ ತುಟಿ ಕೂಡುತ್ತಿತ್ತು. ಆದರೆ ಎಡಗಿವಿಯೊಳಗೆ ಬಿಡದೆ ಶಿಳ್ಳೆ ಹೊಡೆದಂತಾಗಿ ಎರಡನೆಯ ಸಾಲಿಗೇ ನಿಂತುಬಿಟ್ಟಳಂತೆ. ಪಾತ್ರ ಬೇರೆಯವಳಿಗೆ ಹೋಯಿತು.

ಕಿವಿಗೆ ನೀರು ತಾಗಬಾರದಿತ್ತು. ಭಾನುವಾರ ಅವಳು ತಲೆಗೆ ನೀರು ಹಾಕಿಕೊಳ್ಳುವ ಮುಂಚೆ ಮುಲಾಮು ಸವರಿದ ಹತ್ತಿ ಇಡೋಣವೆಂದು ಹತ್ತಿರ ಹೋದೆ. ನನ್ನ ಕೈ ಮೇಲೇಳುತ್ತಿದ್ದಂತೆ ಅವಳು ಕಣ್ಣು ಬಿಗಿದು, ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡಳು.

"ಹತ್ತಿ ಕಣೇ," ಎಂದೆ. "ಬರೀ ಹತ್ತಿ."

ತೋಳು ಇಳಿಸಲಿಲ್ಲ. ಹತ್ತಿಯನ್ನು ಅವಳ ಪಕ್ಕದಲ್ಲಿಟ್ಟು ಹಿಂದೆ ಸರಿದೆ. ಅವಳು ಅದನ್ನೆತ್ತಿಕೊಂಡು ಬಚ್ಚಲಿಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡಳು.