ಕೋತಿಗಳ ಪಾಲಿನ ಬೇವು

ಬೆಳಕು ಹರಿಯುವ ಮೊದಲೇ ಶಿವನಂಜಮ್ಮ ಗೂಡುಗಳ ಮುಂದೆ ನಿಂತಾಗಿದೆ. ಕಾಲಸಪ್ಪಳಕ್ಕೆ ಕೋತಿಗಳು ಸರಳು ಹಿಡಿದು ಕಿರುಚುತ್ತವೆ. ಮೂಲೆಯ ಹೆಣ್ಣುಕೋತಿ ಮಾತ್ರ ಏಳುವುದಿಲ್ಲ. ಕೈಯಿಟ್ಟು ಅದರ ತುಟಿ ಮಗುಚಿದರೆ ಒಸಡು ಸುಣ್ಣದಂತೆ ಬಿಳಿಚಿದೆ. ಕಸ ಗುಡಿಸಲು ಬಗ್ಗುತ್ತಾರೆ, ಪೊರಕೆ ಬಿಟ್ಟು ಮತ್ತೆ ಅಲ್ಲಿಗೇ ಬರುತ್ತಾರೆ.

ಮದ್ದೂರಿನ ಹೊರಗಿರುವ ಈ ಸಂಶೋಧನಾ ಕೇಂದ್ರದಲ್ಲಿ ಕೊಕ್ಕೆಹುಳುವಿಗೆ ಲಸಿಕೆ ಹುಡುಕುತ್ತಿದ್ದಾರೆ. ಗದ್ದೆಗಿಳಿದವರ ಬರಿಗಾಲಿನಿಂದ ಒಳಹೊಕ್ಕು, ಕರುಳು ಕಚ್ಚಿ ರಕ್ತ ಹೀರುವ ಹುಳು ಅದು. ಅರ್ಧ ಕೋತಿಗಳಿಗೆ ಲಸಿಕೆ ಚುಚ್ಚಿದ್ದಾರೆ, ಉಳಿದವಕ್ಕೆ ಬರೀ ಉಪ್ಪುನೀರು. ಆಮೇಲೆ ಎಲ್ಲಕ್ಕೂ ಹುಳುವಿನ ಮರಿ ಬಿಟ್ಟಿದ್ದಾರೆ. ಮೂಲೆಯದು ಉಪ್ಪುನೀರಿನದು. ತಿನ್ನಿಸುವುದು, ತೊಳೆಯುವುದು, ಮಲವನ್ನು ಪರೀಕ್ಷೆಗೆ ಡಬ್ಬಿಗೆ ತುಂಬುವುದು ಶಿವನಂಜಮ್ಮನ ಕೆಲಸ.

ಗೆಜ್ಜಲಗೆರೆಯಿಂದ ಮೊದಲ ಬಸ್ಸಿನಲ್ಲಿ ಬರುವಾಗ ಓರಗೆಯ ಮಾಯಮ್ಮ ಕುಟುಕುತ್ತಾರೆ: “ಆಂಜನೇಯ್ನ ಬೋನಿಗಾಕ್ಬುಟ್ಟು ಅದೆಂಗಮ್ಮಿ ಅನ್ನ ಇಳೀತದೆ ನಿಂಗೆ?”

“ನನ್ ಮಗ ಮಣ್ಣು ತಿನ್ಕಂಡು ಬೆಳ್ಳಗಾಗಿ ಮಲಗಿದ್ದಾಗ ನಿನ್ ಆಂಜನೇಯ ಬಂದಿದ್ನಾ? ಸುಮ್ಕಿರಮ್ಮಿ.”

ಮಗ ಮಂಡ್ಯದ ಆಸ್ಪತ್ರೆಯಲ್ಲಿ ಬದುಕಿಕೊಂಡ. ಅವನಿಗೂ ಅದೇ ಹುಳು. ಬಾಯಿ ಜೋರು ಮಾಡಿದರೂ ಶಿವನಂಜಮ್ಮನ ಮನಸ್ಸು ದಾರಿಯುದ್ದಕ್ಕೂ ಮೂಲೆಯ ಗೂಡಿನಲ್ಲೇ ಇರುತ್ತದೆ.

ಎಪ್ಪತ್ತಾರನೇ ಇಸವಿಯ ಈ ಯುಗಾದಿಗೂ ಅವರಿಗೆ ರಜೆಯಿಲ್ಲ. ಹಬ್ಬದ ದಿನ ದನಕರುವಿಗೂ ಬೇವು-ಬೆಲ್ಲ ಕೊಡುವ ಮನೆ ಅವರದು. ಸೆರಗಿನ ಗಂಟು ಬಿಚ್ಚಿ, ಬೇವಿನ ಚಿಗುರು, ಬೆಲ್ಲದ ಚೂರು ಹಿಡಿದು ಮೂಲೆಯ ಗೂಡಿಗೆ ಕೈ ಚಾಚುವಷ್ಟರಲ್ಲಿ ಕೇಂದ್ರದ ಡಾಕ್ಟರ್ ಕಸ್ತೂರಿರಂಗ ಓಡಿಬರುತ್ತಾರೆ.

“ಶಿವನಂಜಮ್ಮ, ಬೇಡಿ! ಕೊಟ್ಟುಬಿಟ್ರಾ?”

“ಇನ್ನೂ ಇಲ್ಲ ಬುಡಿ ಸ್ವಾಮಿ. ಬೇವು ಬಿದ್ರೆ ಉಳ ಸಾಯ್ತದೆ, ಪಾಪ, ಎದ್ದು ಕುಂತ್ಕತದೆ.”

“ಅದಕ್ಕೇ ಬೇಡ ಅಂದದ್ದು. ಇದರ ಹುಳು ಬೇವಿಗೆ ಸತ್ತರೆ, ಲಸಿಕೆ ಹಾಕಿದ್ದಕ್ಕೂ ಹಾಕದ್ದಕ್ಕೂ ಏನು ವ್ಯತ್ಯಾಸ ತಿಳಿಯುತ್ತೆ? ಇನ್ನೊಂದಷ್ಟು ಕೋತಿ ತಂದು ಮೊದಲಿಂದ ಶುರುಮಾಡಬೇಕು.”

“ಇನ್ನೊಂದಷ್ಟಾ?”

ಚಾಚಿದ ಕೈ ಹಿಂದಕ್ಕೆ ಬರುತ್ತದೆ. ಕೋತಿ ಬೆರಳುಗಳನ್ನೇ ನೋಡುತ್ತಿದೆ. ಶಿವನಂಜಮ್ಮ ಬಾಗಿಲವರೆಗೆ ಹೋಗುತ್ತಾರೆ, ತಿರುಗುತ್ತಾರೆ.

“ಬೆಲ್ಲ ಕೊಡಬೌದಾ?”

“ಬರೀ ಬೆಲ್ಲ ಆದರೆ ಕೊಡಿ.”

“ಬರೀ ಬೆಲ್ಲ ತಿಂದ್ರೆ ಯುಗಾದಿ ಆದಾತಾ ಸ್ವಾಮಿ?”

ಶಿವನಂಜಮ್ಮ ಚಿಗುರನ್ನೆಲ್ಲ ಒಂದೊಂದಾಗಿ ಆರಿಸಿ ತಮ್ಮ ಬಾಯಿಗೇ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಅಗಿದು ನುಂಗುತ್ತಾರೆ. ಕೈ ಒರೆಸಿಕೊಂಡು ಬೆಲ್ಲವನ್ನು ಸರಳಿನ ನಡುವೆ ಹಿಡಿಯುತ್ತಾರೆ. ಕೋತಿ ಮಲಗಿದಲ್ಲಿಂದಲೇ ನೆಕ್ಕುತ್ತದೆ.

“ನಿನ್ ಪಾಲಿನ ಕಯಿ ನಾನ್ ತಿಂದಿವ್ನಿ,” ಎನ್ನುತ್ತಾರೆ ಅದಕ್ಕೆ. “ನೀನು ಸೀ ತಿನ್ನು ಕಣವ್ವ.”